ವಿಶ್ವವಿದ್ಯಾಲಯಕ್ಕೆ ದತ್ತಿ: ಗುರಿ ಗಟ್ಟಿಯಾಗಿರಲಿ, ದಾರಿ ತೆರೆದಿರಲಿ



ಬೆಳಗಾವಿ ಜಿಲ್ಲೆಯ ಸಿರಸಂಗಿಯ ಹೆಸರೆತ್ತಿದರೆ ಉತ್ತರ ಕರ್ನಾಟಕದ ಹಿರಿಯರು ಮೊದಲು ನೆನೆಯುವುದು ತ್ಯಾಗವೀರ ಲಿಂಗರಾಜ ದೇಸಾಯಿಯವರನ್ನು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ, ಸಿರಸಂಗಿ ದೇಸಗತಿಗೆ ದತ್ತು ಹೋದವರು ಅವರು. 1906ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ತಮ್ಮ ನಂತರ ಸಂಸ್ಥಾನದ ಆಸ್ತಿ ತಮ್ಮ ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕು ಎಂದು ಮೃತ್ಯುಪತ್ರ ಬರೆದಿಟ್ಟರು. ಆಗ ಕನ್ನಡ ನಾಡಿನಲ್ಲಿ ಒಂದು ವಿಶ್ವವಿದ್ಯಾಲಯವೂ ಇರಲಿಲ್ಲ. ಮೈಸೂರು ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ. ಬೆಳಗಾವಿ, ಧಾರವಾಡದ ಕಡೆಯ ಹುಡುಗ ಡಿಗ್ರಿ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಇಂಥ ಕಾಲೇಜಿನ ಇಂಥ ಕಟ್ಟಡಕ್ಕೆ ಎಂದು ಲಿಂಗರಾಜರು ಆಸ್ತಿಯನ್ನು ಕಟ್ಟಿಹಾಕಲಿಲ್ಲ. ಮಕ್ಕಳು ಓದಬೇಕು ಎಂದರು. ಹಾಗೆಂದ ಕಾರಣಕ್ಕೇ ಕಾಲೇಜುಗಳು ಹುಟ್ಟಿ, ವಿಶ್ವವಿದ್ಯಾಲಯಗಳು ಬೆಳೆದು, ಓದಿನ ರೀತಿಯೇ ಬದಲಾದ ಮೇಲೂ ಆ ದತ್ತಿಯ ವಿದ್ಯಾರ್ಥಿವೇತನಕ್ಕೆ ಅರ್ಥ ಉಳಿಯಿತು. 1933ರಲ್ಲಿ ಕೆ.ಎಲ್.ಇ. ಸಂಸ್ಥೆ ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಅದಕ್ಕೆ ಇಟ್ಟ ಹೆಸರು ಲಿಂಗರಾಜರದೇ.

ಈ ದಿನ ನಾನು ಮಾತಾಡಬೇಕೆಂದಿರುವುದು ಇಂಥ ಕೊಡುಗೆಯ ಬಗ್ಗೆ. ಸಂಸ್ಥಾನ, ದೇಸಗತಿ ಇದ್ದವರಿಗಷ್ಟೇ ಸೇರಿದ ವಿಷಯ ಇದಲ್ಲ. ನಿವೃತ್ತಿಯಾದ ಮೇಷ್ಟ್ರು, ಬ್ಯಾಂಕಿನಲ್ಲಿ ದುಡಿದವರು, ಮಕ್ಕಳಿಲ್ಲದ ದಂಪತಿ, ಮಕ್ಕಳು ಹೊರದೇಶದಲ್ಲಿ ನೆಲೆನಿಂತು “ಅಪ್ಪಾ, ನಮಗೇನೂ ಬೇಡ” ಎಂದ ತಂದೆತಾಯಿ, ಇಂಥವರ ಮನಸ್ಸಿನಲ್ಲಿ ಒಂದು ಆಸೆ ಇರುತ್ತದೆ: ನಾನು ಓದಿದ ವಿಶ್ವವಿದ್ಯಾಲಯಕ್ಕೆ ಏನಾದರೂ ಕೊಟ್ಟು ಹೋಗಬೇಕು. ಕೊಡಬೇಕೆಂಬ ನಿರ್ಧಾರ ಬೇಗ ಆಗಿಬಿಡುತ್ತದೆ. ಯಾವುದಕ್ಕೆ, ಯಾವ ರೀತಿಯಲ್ಲಿ, ಯಾವ ಷರತ್ತಿನ ಮೇಲೆ ಎನ್ನುವಲ್ಲಿ ಮಾತ್ರ ಹೆಚ್ಚು ಜನ ಆತುರ ಮಾಡುತ್ತಾರೆ. ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ ದತ್ತಿಗಳ ಕಡತ ನೋಡಿಕೊಂಡಿದ್ದವನು ನಾನು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಹಣ ಕಾಲಾಂತರದಲ್ಲಿ ಯಾರಿಗೂ ಉಪಯೋಗಕ್ಕೆ ಬಾರದೆ ಬ್ಯಾಂಕಿನಲ್ಲಿ ಉಳಿದದ್ದನ್ನೂ, ಸಣ್ಣ ಮೊತ್ತವೊಂದು ವರ್ಷವರ್ಷವೂ ಒಬ್ಬ ವಿದ್ಯಾರ್ಥಿಯ ಕೈ ಹಿಡಿದದ್ದನ್ನೂ ಕಂಡಿದ್ದೇನೆ. ಈ ಎರಡರ ನಡುವಿನ ವ್ಯತ್ಯಾಸ ಮೊತ್ತದಿಂದ ಬರುವುದಿಲ್ಲ, ಬರೆದಿಟ್ಟ ನಾಲ್ಕು ಸಾಲಿನಿಂದ ಬರುತ್ತದೆ. ಉದ್ದೇಶವನ್ನು ಬಿಗಿಯಾಗಿ ಬರೆಯಿರಿ, ವಿಧಾನವನ್ನು ಸಡಿಲವಾಗಿ ಬಿಡಿ. ನನ್ನ ಮಾತಿನ ತಿರುಳು ಇದು.

ಮೊದಲು, ಯಾವುದಕ್ಕೆ ಎಂಬ ಪ್ರಶ್ನೆ.

ನಮ್ಮಲ್ಲಿ ದತ್ತಿ ಎಂದೊಡನೆ ನೆನಪಾಗುವುದು ಚಿನ್ನದ ಪದಕ. ಘಟಿಕೋತ್ಸವದ ದಿನ ವೇದಿಕೆಯ ಮೇಲೆ ತಂದೆಯ ಹೆಸರನ್ನೋ ತಾಯಿಯ ಹೆಸರನ್ನೋ ಓದುತ್ತಾರೆ, ಮಗುವೊಂದು ಬಂದು ಪದಕ ಸ್ವೀಕರಿಸುತ್ತದೆ. ಆ ಗಳಿಗೆಗೆ ಬೆಲೆಯಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಲೆಕ್ಕ ನೋಡೋಣ. 1970ರ ಸುಮಾರಿಗೆ ಒಬ್ಬರು ಪದಕಕ್ಕೆಂದು 10,000 ರೂಪಾಯಿ ಮೂಲಧನ ಇಟ್ಟರು ಎಂದುಕೊಳ್ಳಿ. ಆಗಿನ ಕಾಲಕ್ಕೆ ಅದು ದೊಡ್ಡ ಮೊತ್ತವೇ. ನೂರಕ್ಕೆ ಆರರಂತೆ ವರ್ಷಕ್ಕೆ 600 ರೂಪಾಯಿ ಬಡ್ಡಿ. ಹತ್ತು ಗ್ರಾಂ ಚಿನ್ನಕ್ಕೆ ಆಗ ಇನ್ನೂರು ರೂಪಾಯಿಯ ಒಳಗೆ ಇತ್ತು. ಅಂದರೆ ಬಡ್ಡಿಯಲ್ಲೇ ಮೂವತ್ತು ಗ್ರಾಂ ಚಿನ್ನ ಬರುತ್ತಿತ್ತು. ಈಗ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದೆ. ಅದೇ 600 ರೂಪಾಯಿಗೆ ಒಂದು ಗ್ರಾಮಿನ ಹತ್ತನೇ ಒಂದು ಪಾಲೂ ಬರುವುದಿಲ್ಲ. ದತ್ತಿಪತ್ರದಲ್ಲಿ ‘ಚಿನ್ನದ ಪದಕ’ ಎಂದಷ್ಟೇ ಬರೆದಿದ್ದರೆ ವಿಶ್ವವಿದ್ಯಾಲಯ ಏನು ಮಾಡಬೇಕು? ಬೆಳ್ಳಿಗೆ ಚಿನ್ನದ ನೀರು ಕುಡಿಸಬೇಕು, ಇಲ್ಲವೆ ದಾನಿಯ ಮಕ್ಕಳಿಗೆ ಇನ್ನಷ್ಟು ಹಣ ಕಟ್ಟಿ ಎಂದು ಪತ್ರ ಬರೆಯಬೇಕು. ಮಕ್ಕಳ ವಿಳಾಸ ಕಡತದಲ್ಲಿ ಇಲ್ಲದಿದ್ದರೆ ಆ ಪತ್ರವೂ ಹೋಗುವುದಿಲ್ಲ.

ಒಮ್ಮೆ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಕಚೇರಿಗೆ ಬಂದರು. ಬಟ್ಟೆಯ ಚೀಲದಲ್ಲಿ ಪಾಸ್ ಪುಸ್ತಕ, ಎಫ್.ಡಿ. ರಸೀದಿಗಳನ್ನು ಜೋಡಿಸಿಕೊಂಡು ತಂದಿದ್ದರು.

“ಸಾರ್, ನಮ್ಮ ತಾಯಿ ಹೆಸರಲ್ಲಿ ಒಂದು ಚಿನ್ನದ ಪದಕ ಇಡಬೇಕು ಅಂತಿದೀನಿ.”

“ಬಹಳ ಸಂತೋಷ ಮೇಷ್ಟ್ರೇ. ಯಾವ ವಿಷಯಕ್ಕೆ ಇಡೋಣ? ತಾಯಿಯವರು ಏನು ಓದಿಕೊಂಡಿದ್ರು?”

“ಅವರು ಸ್ಕೂಲಿಗೇ ಹೋದವರಲ್ಲ ಸಾರ್. ನಾನು ಇಲ್ಲಿ ರೂಮು ಮಾಡಿಕೊಂಡು ಓದ್ತಿದ್ದೆ. ದಿನಾ ಬೆಳಗಿನ ಬಸ್ಸಿಗೆ ಊರಿಂದ ಬುತ್ತಿ ಕಳಿಸೋರು. ಕಂಡಕ್ಟರು ಸ್ಟ್ಯಾಂಡಿನ ಹೋಟೆಲಲ್ಲಿ ಕೊಟ್ಟು ಹೋಗೋರು. ಮೂರು ವರ್ಷ ಆ ಬುತ್ತಿ ತಪ್ಪಲಿಲ್ಲ.”

ಅವರ ಮಾತು ಮುಗಿದ ಮೇಲೆ ನಾನು ಹಾಸ್ಟೆಲಿನ ವಿಷಯ ಹೇಳಿದೆ. ಸೀಟು ಸಿಕ್ಕಿರುತ್ತದೆ, ಸರ್ಕಾರದ ವಿದ್ಯಾರ್ಥಿವೇತನವೂ ಮಂಜೂರಾಗಿರುತ್ತದೆ. ಆದರೆ ಆ ಹಣ ಕೈಗೆ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಅಷ್ಟರೊಳಗೆ ಮೆಸ್ ಬಿಲ್ ಬಾಕಿ ಬೆಳೆದು, ಊರಿಗೆ ಹೋದ ಹುಡುಗ ಮರಳಿ ಬರುವುದಿಲ್ಲ. ಹುಡುಗಿಯಾದರೆ ಮನೆಯವರು ಮರಳಿ ಕಳಿಸುವುದಿಲ್ಲ. “ತಾಯಿಯವರ ಹೆಸರಿನಲ್ಲಿ ಊಟದ ನಿಧಿಯೇ ಇಡಬಹುದಲ್ಲ ಮೇಷ್ಟ್ರೇ?” ಎಂದೆ. ಅವರು ಸ್ವಲ್ಪ ಹೊತ್ತು ರಸೀದಿಗಳನ್ನೇ ನೋಡುತ್ತ ಕುಳಿತು, “ಹಾಗೂ ಇಡಬಹುದಾ ಸಾರ್?” ಎಂದು ಕೇಳಿದರು. ಅವರು ಕೊನೆಗೆ ಬರೆಸಿದ ದತ್ತಿಪತ್ರದ ಮುಖ್ಯ ವಾಕ್ಯ ಸರಳವಾಗಿತ್ತು: ಗ್ರಾಮಾಂತರದಿಂದ ಬಂದ ಬಡ ವಿದ್ಯಾರ್ಥಿಗಳ ಊಟ, ವಸತಿ ಅಥವಾ ಓದು ಮುಂದುವರಿಸಲು ಅಗತ್ಯವಾದ ಇತರ ಜೀವನ ವೆಚ್ಚಕ್ಕೆ. ಆ ‘ಅಥವಾ’ದಲ್ಲಿ ಬಹಳ ವಿವೇಕವಿದೆ. ನಾಳೆ ಸರ್ಕಾರವೇ ಎಲ್ಲರಿಗೂ ಊಟ ಕೊಟ್ಟರೆ ಆ ಹಣ ಬಸ್ ಪಾಸಿಗೋ ಪುಸ್ತಕಕ್ಕೋ ಹೋಗುತ್ತದೆ. ಗುರಿ ಮಾತ್ರ ಬದಲಾಗುವುದಿಲ್ಲ: ಬಡತನದಿಂದ ಓದು ನಿಲ್ಲಬಾರದು.

ಹಾಗಾದರೆ ದಾನಿಯ ಮುಂದೆ ಇರುವ ಆಯ್ಕೆಗಳು ಯಾವುವು? ವಿದ್ಯಾರ್ಥಿವೇತನ, ಪದಕ ಮತ್ತು ನಗದು ಬಹುಮಾನ, ದತ್ತಿ ಉಪನ್ಯಾಸ, ಗ್ರಂಥಾಲಯಕ್ಕೆ ಪುಸ್ತಕ, ಪ್ರಯೋಗಾಲಯಕ್ಕೆ ಸಲಕರಣೆ, ಸಂಶೋಧನಾ ಪೀಠ, ಕಟ್ಟಡ, ಇವಾವುದೂ ಅಲ್ಲದೆ ವಿಶ್ವವಿದ್ಯಾಲಯದ ಅಗತ್ಯಕ್ಕೆ ತಕ್ಕಂತೆ ಬಳಸಿಕೊಳ್ಳಿ ಎಂದು ಕೊಡುವ ಸಾಮಾನ್ಯ ನಿಧಿ. ಪೀಠಕ್ಕೆ ದೊಡ್ಡ ಮೊತ್ತ ಬೇಕು. ಒಬ್ಬ ಪ್ರಾಧ್ಯಾಪಕರ ಸಂಬಳ ಬಡ್ಡಿಯಲ್ಲಿ ಬರುವಷ್ಟು ಗಂಟು ಇಲ್ಲದಿದ್ದರೆ ಪೀಠದ ಬೋರ್ಡು ಉಳಿಯುತ್ತದೆ, ಪ್ರಾಧ್ಯಾಪಕರು ಉಳಿಯುವುದಿಲ್ಲ. ಕಟ್ಟಡ ಕೊಡುವವರು ಅದರ ನಿರ್ವಹಣೆಗೂ ಒಂದು ಪಾಲು ತೆಗೆದಿಡಬೇಕು. ಸೋರುವ ಛಾವಣಿಯ ಮೇಲೆ ತಂದೆಯ ಹೆಸರು ಇರುವುದು ಯಾರಿಗೂ ಗೌರವ ತರುವುದಿಲ್ಲ. ಕೆಲವು ಲಕ್ಷ ರೂಪಾಯಿಗಳ ಶಕ್ತಿಯವರಿಗೆ ವಿದ್ಯಾರ್ಥಿಯ ನೇರ ಅಗತ್ಯವೇ ಒಳ್ಳೆಯ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ದತ್ತಿ ಉಪನ್ಯಾಸದ ಬಗ್ಗೆ ಒಂದು ಮಾತು. ಕಲ್ಕತ್ತೆಯ ಪ್ರಸನ್ನಕುಮಾರ ಠಾಕೂರರು 1868ರಲ್ಲಿ ತೀರಿಕೊಂಡಾಗ ಅವರ ಉಯಿಲಿನಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಕಾನೂನು ಉಪನ್ಯಾಸ ನಡೆಸಲು ಹಣ ಇಟ್ಟಿದ್ದರು. ಆಸ್ತಿಯ ಉಳಿದ ಭಾಗದ ಮೇಲೆ ಮಗ ಹೂಡಿದ ದಾವೆ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ಆದರೆ ವಿಶ್ವವಿದ್ಯಾಲಯದ ಪಾಲಿನದು 1870ರಲ್ಲೇ ಆರಂಭವಾಗಿ ತಲೆಮಾರುಗಳ ಕಾಲ ನಡೆಯಿತು. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಬಿ.ಕೆ. ಮುಖರ್ಜಿಯವರು ಹಿಂದೂ ಧರ್ಮಾದಾಯ ಮತ್ತು ದತ್ತಿಗಳ ಕಾನೂನಿನ ಬಗ್ಗೆ ಮಾತಾಡಿದ್ದು ಇದೇ ಉಪನ್ಯಾಸಮಾಲೆಯಲ್ಲಿ. ಅದು ಪುಸ್ತಕವಾಯಿತು, ವಕೀಲರು ಅದನ್ನು ಇಂದಿಗೂ ತೆರೆದು ನೋಡುತ್ತಾರೆ. ಉಪನ್ಯಾಸಕ್ಕೆ ದತ್ತಿ ಇಡುವವರು ಇದನ್ನು ಗಮನಿಸಬೇಕು. ಮಾತು ಸಭಾಂಗಣದಲ್ಲೇ ಮುಗಿಯದೆ ಅಚ್ಚಾಗಿ ಓದುಗನ ಕೈ ಸೇರುವ ಏರ್ಪಾಡೂ ದತ್ತಿಯೊಳಗೇ ಇದ್ದರೆ ಅದರ ಫಲ ದೂರ ಹೋಗುತ್ತದೆ.

ಇನ್ನು ಷರತ್ತಿನ ವಿಷಯ. ಎಷ್ಟು ಬಿಗಿ, ಎಷ್ಟು ಸಡಿಲ? ಇದನ್ನು ತಿಳಿಯಲು ಸರ್ ಸಿ.ವಿ. ರಾಮನ್ ಅವರ ಬದುಕಿನ ಪ್ರಸಂಗಕ್ಕಿಂತ ಒಳ್ಳೆಯ ಪಾಠ ನನಗೆ ಕಾಣದು. 1912ರಲ್ಲಿ ಕಲ್ಕತ್ತೆಯ ವಕೀಲ ತಾರಕನಾಥ ಪಾಲಿತರು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಸುಮಾರು 15 ಲಕ್ಷ ರೂಪಾಯಿ ಬೆಲೆಯ ಹಣ ಮತ್ತು ಆಸ್ತಿ ಕೊಟ್ಟರು. ಮರುವರ್ಷ ರಾಸಬಿಹಾರಿ ಘೋಷರು 10 ಲಕ್ಷ ಕೊಟ್ಟರು. ಈ ದಾನಗಳ ಮೇಲೆಯೇ ಅಲ್ಲಿನ ವಿಜ್ಞಾನ ಕಾಲೇಜು ಎದ್ದು ನಿಂತಿತು. ಪಾಲಿತರ ಹೆಸರಿನ ಪೀಠಕ್ಕೆ ಬರುವ ಪ್ರಾಧ್ಯಾಪಕರು ಭಾರತೀಯರೇ ಆಗಿರಬೇಕು ಎಂಬುದು ಒಂದು ಷರತ್ತು. ಅವರು ವಿದೇಶದಲ್ಲಿ ತರಬೇತಿ ಪಡೆದಿರಬೇಕು ಎಂಬುದು ಇನ್ನೊಂದು. ಕುಲಪತಿ ಅಶುತೋಷ ಮುಖರ್ಜಿಯವರು ಭೌತವಿಜ್ಞಾನದ ಪೀಠಕ್ಕೆ ಆರಿಸಿದ್ದು ಆಗ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ರಾಮನ್ ಅವರನ್ನು. ತರಬೇತಿಗೆಂದು ವಿದೇಶಕ್ಕೆ ಹೋಗಲು ರಾಮನ್ ಒಪ್ಪಲಿಲ್ಲ. ಆಗ ಏನಾಯಿತು? ಆ ಷರತ್ತನ್ನು ಸಡಿಲಿಸಿದರು. 1917ರಲ್ಲಿ ರಾಮನ್ ಸರ್ಕಾರಿ ನೌಕರಿಯ ದೊಡ್ಡ ಸಂಬಳ ಬಿಟ್ಟು ಕಡಿಮೆ ಸಂಬಳದ ಪಾಲಿತ್ ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡುಬಂದಾಗ, 1930ರಲ್ಲಿ ನೊಬೆಲ್ ಬಂದಾಗ ಅವರು ಅದೇ ಪೀಠದಲ್ಲಿದ್ದರು.

ಎರಡು ಷರತ್ತುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಭಾರತೀಯ ಪ್ರತಿಭೆಗೆ ಭಾರತದಲ್ಲೇ ಸ್ಥಾನ ಸಿಗಬೇಕು ಎಂಬುದು ದಾನಿಯ ಉದ್ದೇಶ, ಅದು ಉಳಿಯಿತು. ವಿದೇಶಿ ತರಬೇತಿ ಆ ಉದ್ದೇಶ ಸಾಧಿಸಲು ಅಂದು ತೋಚಿದ ಒಂದು ವಿಧಾನ; ಅದನ್ನು ಬಿಟ್ಟದ್ದರಿಂದ ಉದ್ದೇಶಕ್ಕೆ ಚ್ಯುತಿ ಬರಲಿಲ್ಲ, ಅದು ನೆರವೇರಿತು. ವಿಧಾನವನ್ನೇ ಕಲ್ಲಿನ ಮೇಲೆ ಕೆತ್ತಿದ್ದರೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಿದ್ದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಜೆಮ್‌ಶೆಟ್‌ಜಿ ಟಾಟಾ ಅವರು ಮುಂಬಯಿಯ ತಮ್ಮ ಕಟ್ಟಡ, ಜಮೀನುಗಳನ್ನು, ಅಂದಿನ ಬೆಲೆಯಲ್ಲಿ ಸುಮಾರು 30 ಲಕ್ಷ ರೂಪಾಯಿಯ ಆಸ್ತಿಯನ್ನು, ಉನ್ನತ ವಿದ್ಯೆಗೆ ಮೀಸಲಿಟ್ಟರು. ಸರ್ಕಾರದ ಒಪ್ಪಿಗೆ ಸಿಗುವ ಮೊದಲೇ 1904ರಲ್ಲಿ ತೀರಿಕೊಂಡರು. ಮಕ್ಕಳು ತಂದೆಯ ಮಾತು ಉಳಿಸಿಕೊಂಡರು. 1907ರಲ್ಲಿ ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು, 1909ರಲ್ಲಿ ಸಂಸ್ಥೆ ಕಾನೂನಿನ ರೂಪ ಪಡೆಯಿತು, 1911ರಲ್ಲಿ ವಿದ್ಯಾರ್ಥಿಗಳು ಬಂದರು. ತಮ್ಮ ಹೆಸರನ್ನು ಸಂಸ್ಥೆಗೆ ಇಡಬಾರದು ಎಂದು ಟಾಟಾ ಅವರೇ ಹೇಳಿದ್ದರು; ಬೆಂಗಳೂರಿನ ಜನ ಮಾತ್ರ ಅದನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆದರು. ಟಾಟಾ ತೀರಿಕೊಂಡಾಗ ರೈಟ್ ಸಹೋದರರ ವಿಮಾನ ಹಾರಿ ಇನ್ನೂ ಆರು ತಿಂಗಳಾಗಿರಲಿಲ್ಲ. 1942ರಲ್ಲಿ ಅದೇ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ರಸಾಯನಶಾಸ್ತ್ರಕ್ಕೂ ವಿದ್ಯುತ್ತಿಗೂ ಮಾತ್ರ ಎಂದು ಅವರು ಬರೆದಿಟ್ಟಿದ್ದರೆ ಆ ವಿಭಾಗಕ್ಕೆ ಜಾಗವೇ ಇರುತ್ತಿರಲಿಲ್ಲ.

ನಮ್ಮ ದತ್ತಿಗಳಲ್ಲಿ ಇದರ ವಿರುದ್ಧವಾದದ್ದು ನಡೆಯುತ್ತದೆ. ಇಂಥ ತಾಲ್ಲೂಕಿನ, ಇಂಥ ಹೈಸ್ಕೂಲಿನಲ್ಲಿ ಓದಿದ, ಇಂಥ ಐಚ್ಛಿಕ ವಿಷಯ ತೆಗೆದುಕೊಂಡು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ವಿದ್ಯಾರ್ಥಿನಿಗೆ ಎಂದು ಬರೆಸುತ್ತಾರೆ. ಒಂದೊಂದು ಷರತ್ತಿನ ಹಿಂದೆಯೂ ಪ್ರೀತಿ ಇದೆ, ನಿಜ. ಆದರೆ ಷರತ್ತು ಹೆಚ್ಚಿದಷ್ಟೂ ಅರ್ಹರು ಕಡಿಮೆಯಾಗುತ್ತಾರೆ. ಆ ಐಚ್ಛಿಕ ವಿಷಯವನ್ನೇ ವಿಶ್ವವಿದ್ಯಾಲಯ ಕೈಬಿಟ್ಟಿತು ಎಂದರೆ ದತ್ತಿ ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಊರಿನ ಮಕ್ಕಳಿಗೆ ಆದ್ಯತೆ ಬೇಕಾದರೆ ಖಂಡಿತ ಬರೆಯಿರಿ. ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿ: ಆ ವರ್ಷ ಅಂಥ ಅಭ್ಯರ್ಥಿ ಇಲ್ಲದಿದ್ದರೆ ಜಿಲ್ಲೆಯ ಬೇರೊಬ್ಬರಿಗೆ, ಅವರೂ ಇಲ್ಲದಿದ್ದರೆ ಅಗತ್ಯವಿರುವ ಯಾವುದೇ ವಿದ್ಯಾರ್ಥಿಗೆ ಕೊಡತಕ್ಕದ್ದು. ಈ ಒಂದು ಸಾಲಿನಿಂದ ನಿಮ್ಮ ಹಣ ಒಂದು ವರ್ಷವೂ ಸುಮ್ಮನೆ ಕೂರುವುದಿಲ್ಲ.

ಬೆಲೆಯೇರಿಕೆಯ ವಿಷಯ ಮೇಲೆ ಪದಕದ ಲೆಕ್ಕದಲ್ಲಿ ಬಂತು. ಅದಕ್ಕೆ ಪರಿಹಾರವೂ ಲೆಕ್ಕದಲ್ಲೇ ಇದೆ. ಹತ್ತು ಲಕ್ಷ ರೂಪಾಯಿ ಇಟ್ಟಿರಿ, ನೂರಕ್ಕೆ ಏಳರಂತೆ 70,000 ಬಂತು ಎನ್ನೋಣ. ಅಷ್ಟನ್ನೂ ಹಂಚಿಬಿಟ್ಟರೆ, ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ, ಹನ್ನೆರಡು ವರ್ಷದಲ್ಲಿ ಆ 70,000ದ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ಹಾಗೆ ಮಾಡದೆ 45,000 ಹಂಚಿ, 25,000ವನ್ನು ಮೂಲಧನಕ್ಕೇ ಸೇರಿಸಿದರೆ ಗಂಟು ವರ್ಷಕ್ಕೆ ಎರಡೂವರೆ ಪ್ರತಿಶತ ಬೆಳೆಯುತ್ತದೆ; ಮೂವತ್ತು ವರ್ಷದೊಳಗೆ ಇಮ್ಮಡಿಯಾಗುತ್ತದೆ. ಬೆಲೆಯೇರಿಕೆಯನ್ನು ಪೂರ್ತಿ ಹಿಂದಿಕ್ಕಲು ಇದು ಸಾಲದು, ಆದರೆ ದತ್ತಿ ಸವೆದು ಸಾಯದಂತೆ ಕಾಯುತ್ತದೆ. ರೈತ ಸುಗ್ಗಿಯಲ್ಲಿ ಬಿತ್ತನೆಯ ಕಾಳನ್ನು ಮೊದಲು ತೆಗೆದಿಟ್ಟು ಆಮೇಲೆ ಊಟಕ್ಕೆ ಅಳೆಯುವಂತೆ, ಬಡ್ಡಿಯಲ್ಲಿ ಮೂಲಧನದ ಪಾಲನ್ನು ಮೊದಲು ತೆಗೆದಿಡಬೇಕು ಎಂದು ದತ್ತಿಪತ್ರದಲ್ಲೇ ಬರೆಸಿ. ಜೊತೆಗೆ, ಕೊಡುವ ಮೊತ್ತವನ್ನು ಇಂತಿಷ್ಟು ರೂಪಾಯಿ ಎಂದು ನಿಗದಿಪಡಿಸಬೇಡಿ. ‘ಒಬ್ಬ ವಿದ್ಯಾರ್ಥಿಯ ವರ್ಷದ ಹಾಸ್ಟೆಲ್ ವೆಚ್ಚ’ ಎಂದೋ ‘ಲಭ್ಯ ಬಡ್ಡಿಯ ಮೂರನೇ ಎರಡು ಪಾಲು’ ಎಂದೋ ಬರೆದರೆ ಅದು ಕಾಲದ ಜೊತೆ ಹೆಜ್ಜೆ ಹಾಕುತ್ತದೆ.

ಈಗ ಕೊಡಬೇಕೆ, ನಮ್ಮ ನಂತರವೆ? ಇದು ಮುಂದಿನ ಪ್ರಶ್ನೆ. ಬದುಕಿರುವಾಗಲೇ ಕೊಟ್ಟರೆ ದತ್ತಿ ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ನೋಡಬಹುದು, ತಿದ್ದಬಹುದು, ಆದಾಯ ತೆರಿಗೆಯಲ್ಲಿ ನಿಯಮದಂತೆ ರಿಯಾಯಿತಿಯೂ ಸಿಗಬಹುದು. ಆ ರಿಯಾಯಿತಿ ಬೇಕಾದವರು ನಗದಾಗಿ ಕೊಡದೆ ಚೆಕ್ ಮೂಲಕವೋ ಬ್ಯಾಂಕ್ ಮೂಲಕವೋ ಕೊಡಬೇಕು. ಆದರೆ ಮುಪ್ಪಿನ ಕಾಯಿಲೆ ಕಸಾಲೆಗೆ ಎಷ್ಟು ಬೇಕಾದೀತು ಎಂದು ಯಾರಿಗೆ ಗೊತ್ತು? ತನ್ನ ಔಷಧಿಯ ಹಣವನ್ನು ಯಾರೂ ದತ್ತಿಗೆ ಹಾಕಬಾರದು. ಅಂಥವರಿಗೆ ಉಯಿಲೇ ಸರಿ. ಅದನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಎರಡನ್ನೂ ಜೋಡಿಸಿದವರಿದ್ದಾರೆ. ಮಧ್ಯಪ್ರದೇಶದ ಸಾಗರದಲ್ಲಿ ವಕೀಲ ಹರಿಸಿಂಗ್ ಗೌರ್ ಅವರು 1946ರಲ್ಲಿ ತಮ್ಮ ಉಳಿತಾಯದ 20 ಲಕ್ಷ ರೂಪಾಯಿಯಿಂದ ವಿಶ್ವವಿದ್ಯಾಲಯ ಆರಂಭಿಸಿ, ಅದರ ಮೊದಲ ಕುಲಪತಿಯಾಗಿ ದುಡಿದು, 1949ರಲ್ಲಿ ತೀರಿಕೊಳ್ಳುವ ಮೊದಲು ಆಸ್ತಿಯ ದೊಡ್ಡ ಭಾಗವನ್ನೂ ಅದಕ್ಕೇ ಬರೆದಿಟ್ಟರು. ಸಣ್ಣ ಪ್ರಮಾಣದಲ್ಲಿ ನಾವೂ ಹಾಗೆ ಮಾಡಬಹುದು: ಈಗ ಒಂದು ಚಿಕ್ಕ ಮೊತ್ತದಿಂದ ದತ್ತಿ ತೆರೆಯುವುದು, ಅದು ನಡೆಯುವ ರೀತಿ ಮೆಚ್ಚಿಗೆಯಾದರೆ ಉಳಿದದ್ದು ಉಯಿಲಿನ ಮೂಲಕ ಅದೇ ದತ್ತಿಗೆ ಸೇರುವಂತೆ ಬರೆಯುವುದು.

ಮನೆ ಕೊಡಬೇಕೆನ್ನುವವರಿಗೆ ನಡುವಿನ ದಾರಿಯೂ ಇದೆ. ದಾನಪತ್ರವನ್ನು ಈಗಲೇ ನೋಂದಾಯಿಸಿ, ಗಂಡ ಹೆಂಡತಿ ಇಬ್ಬರೂ ಇರುವವರೆಗೆ ಅಲ್ಲೇ ವಾಸಿಸುವ ಹಕ್ಕನ್ನು ಉಳಿಸಿಕೊಳ್ಳಬಹುದು. ಅಂಥ ದಾನ ಊರ್ಜಿತ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಆದರೆ ದಾನಪತ್ರವನ್ನು ಸಾಮಾನ್ಯವಾಗಿ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಮನಸ್ಸು ಪೂರ್ತಿ ಗಟ್ಟಿಯಾದ ಮೇಲೆ ಮಾತ್ರ ಆ ಹೆಜ್ಜೆ ಇಡಬೇಕು. ಕೃಷಿ ಜಮೀನು ಕೊಡುವವರು ಭೂಸುಧಾರಣಾ ಕಾಯ್ದೆಯ ನಿರ್ಬಂಧಗಳನ್ನು ವಕೀಲರಿಂದ ತಿಳಿದುಕೊಂಡೇ ಮುಂದುವರಿಯಬೇಕು.

ಉಯಿಲು ಬರೆಯುವುದು ಕಷ್ಟದ ಕೆಲಸವಲ್ಲ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ತಕರಾರು ಕಡಿಮೆ. ನಿಮ್ಮ ಮಾತನ್ನು ನಡೆಸಿಕೊಡುವ ಒಬ್ಬ ನಿರ್ವಾಹಕರನ್ನು, ನಿಮಗಿಂತ ವಯಸ್ಸಿನಲ್ಲಿ ಚಿಕ್ಕವರನ್ನು, ಹೆಸರಿಸಿ. ಹಿಂದೂಗಳು ಸ್ವಯಾರ್ಜಿತ ಆಸ್ತಿಯನ್ನು ಪೂರ್ತಿಯಾಗಿ ಬರೆಯಬಹುದು, ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನು ಮಾತ್ರ. ಮುಸ್ಲಿಮರಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೆಯಲಾಗದು. ಹತ್ತಿರದ ನೆಂಟರಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಬರೆಯುವ ಉಯಿಲು ಸಾವಿಗೆ ಕನಿಷ್ಠ ಹನ್ನೆರಡು ತಿಂಗಳು ಮೊದಲು ಆಗಿರಬೇಕು ಎಂಬ ಹಳೆಯ ಕಟ್ಟಳೆಯನ್ನು ಸುಪ್ರೀಂ ಕೋರ್ಟು 2003ರಲ್ಲಿ ರದ್ದು ಮಾಡಿತು. ಇನ್ನೊಂದು ತಿಳಿವಳಿಕೆ ಎಲ್ಲರಿಗೂ ಬೇಕು. ಬ್ಯಾಂಕಿನ ಎಫ್.ಡಿ.ಗೋ ಷೇರಿಗೋ ನಾಮಿನಿ ಹಾಕಿದ ಮಾತ್ರಕ್ಕೆ ಆ ಹಣ ನಾಮಿನಿಯದಾಗುವುದಿಲ್ಲ. ಅವರು ಅದನ್ನು ಪಡೆದು ಹಕ್ಕುದಾರರಿಗೆ ತಲುಪಿಸಬೇಕಾದವರು. ಆದ್ದರಿಂದ ನಾಮಿನಿಯೇ ಸಾಕು ಎಂದು ಕೂರದೆ ಉಯಿಲಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಯಾರಿಗೆ ಎಂಬುದನ್ನು ಬರೆಯುವಾಗ ಸಂಸ್ಥೆಯ ಪೂರ್ತಿ ಹೆಸರು ಇರಲಿ. ‘ಧಾರವಾಡದ ವಿಶ್ವವಿದ್ಯಾಲಯಕ್ಕೆ’ ಎಂದರೆ ಕರ್ನಾಟಕ ವಿಶ್ವವಿದ್ಯಾಲಯವೋ ಕೃಷಿ ವಿಶ್ವವಿದ್ಯಾಲಯವೋ? ಹೆಸರು ಸರಿಯಿದ್ದರೂ ಸಂಸ್ಥೆಗಳು ಒಡೆಯುತ್ತವೆ, ಕೂಡುತ್ತವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಮೊದಲು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು, 1916ರಿಂದ ಮೈಸೂರಿಗೆ, 1964ರಿಂದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ, ಆಮೇಲೆ ಬೆಂಗಳೂರು ನಗರ ವಿಶ್ವವಿದ್ಯಾಲಯಕ್ಕೆ. ಜಾಗ ಒಂದೇ, ಒಡೆಯರು ನಾಲ್ವರು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಬಗ್ಗೆ ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿದ್ದೂ ನಿಮಗೆ ನೆನಪಿರಬಹುದು. ಆದ್ದರಿಂದ ‘ಈ ಸಂಸ್ಥೆ ಅಥವಾ ಇದರ ಉತ್ತರಾಧಿಕಾರಿ ಸಂಸ್ಥೆಗೆ, ಅದೂ ಇಲ್ಲದಿದ್ದಲ್ಲಿ ಇದೇ ಉದ್ದೇಶ ನಡೆಸುವ ರಾಜ್ಯದ ಬೇರೊಂದು ವಿಶ್ವವಿದ್ಯಾಲಯಕ್ಕೆ’ ಎಂದು ಬರೆದಿಡಿ. ಹಾಗೆ ಬರೆಯದಿದ್ದರೂ ನ್ಯಾಯಾಲಯ ಆ ಹಣವನ್ನು ನಿಮ್ಮ ಉದ್ದೇಶಕ್ಕೆ ಹತ್ತಿರವಾದದ್ದಕ್ಕೆ ತಿರುಗಿಸಬಹುದು. ಆದರೆ ನೀವು ಒಂದು ಸಾಲಿನಲ್ಲಿ ಮಾಡಬಹುದಾದ ಕೆಲಸಕ್ಕೆ ನ್ಯಾಯಾಲಯದಲ್ಲಿ ವರ್ಷಗಳು ಹಿಡಿಯುತ್ತವೆ.

ಇಷ್ಟೆಲ್ಲ ಬರೆಯುವ ಮೊದಲು ಎರಡು ಕಡೆ ಮಾತಾಡಬೇಕು. ಒಂದು, ವಿಶ್ವವಿದ್ಯಾಲಯದ ಕುಲಸಚಿವರು ಮತ್ತು ಹಣಕಾಸು ಅಧಿಕಾರಿಗಳ ಹತ್ತಿರ. ದತ್ತಿಗೆ ಕನಿಷ್ಠ ಮೊತ್ತ ಎಷ್ಟು, ನಿಯಮವೇನು, ಸಿಂಡಿಕೇಟ್ ಒಪ್ಪಿಗೆ ಬೇಕೆ, ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡುತ್ತಾರೆಯೆ, ವರ್ಷಕ್ಕೊಮ್ಮೆ ಲೆಕ್ಕ ಕಳಿಸುತ್ತಾರೆಯೆ ಎಂದು ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ನೀವು ಓದಿದ ವಿಭಾಗಕ್ಕೂ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಅಧ್ಯಾಪಕರನ್ನು, ಹಾಸ್ಟೆಲಿನ ವಾರ್ಡನ್ ಅವರನ್ನು, ಸಾಧ್ಯವಾದರೆ ನಾಲ್ಕು ವಿದ್ಯಾರ್ಥಿಗಳನ್ನು ಮಾತಾಡಿಸಿ. ನಮ್ಮ ಕಾಲದಲ್ಲಿ ನಮಗೆ ಏನು ಇರಲಿಲ್ಲವೋ ಅದೇ ಇವರಿಗೂ ಬೇಕು ಎಂದು ನಾವು ಎಣಿಸಿರುತ್ತೇವೆ. ಅವರ ಕೊರತೆ ಬೇರೆಯೇ ಇರಬಹುದು. ಪುಸ್ತಕಕ್ಕೆಂದು ಹೋದವರಿಗೆ ಅಲ್ಲಿ ಬೇಕಾಗಿರುವುದು ಹೆಣ್ಣುಮಕ್ಕಳಿಗೆ ರಾತ್ರಿ ಗ್ರಂಥಾಲಯದಿಂದ ಹಾಸ್ಟೆಲಿಗೆ ಮರಳಲು ಒಂದು ವಾಹನ ಎಂದು ತಿಳಿಯಬಹುದು.

ಇನ್ನೊಂದು, ಮನೆಯವರ ಹತ್ತಿರ. ಉಯಿಲಿನಲ್ಲಿ ವಿಶ್ವವಿದ್ಯಾಲಯದ ಹೆಸರನ್ನು ಮಕ್ಕಳು ಮೊದಲ ಬಾರಿಗೆ ನೋಡುವುದು ನಿಮ್ಮ ನಂತರ ಆಗಬಾರದು. ಈಗಲೇ ಕೂರಿಸಿಕೊಂಡು ಹೇಳಿ. ಮಗಳಿಗೆ, ಮಗನಿಗೆ, ಹೆಂಡತಿಗೆ ಸಲ್ಲಬೇಕಾದದ್ದನ್ನು ಮೊದಲು ಬರೆದು, ಆಮೇಲೆ ದತ್ತಿಯದು ಬರೆಯಿರಿ. ನಮ್ಮ ದೇಶದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ತೆರಿಗೆ ಉಳಿಸಲೆಂದು ಇಲ್ಲಿ ಯಾರೂ ಉಯಿಲಿನ ಮೂಲಕ ದಾನ ಮಾಡಬೇಕಾಗಿಲ್ಲ. ಹಾಗೆ ಮಾಡುವವರು ಮನಸಾರೆ ಮಾಡುತ್ತಾರೆ. ಆ ಮನಸ್ಸನ್ನು ಮಕ್ಕಳು ತಂದೆತಾಯಿಯ ಬಾಯಿಂದಲೇ ಕೇಳಿದ್ದರೆ, ಮುಂದೆ ಅವರೇ ಆ ದತ್ತಿಯ ಕಾವಲಿಗೆ ನಿಲ್ಲುತ್ತಾರೆ, ತಮ್ಮ ಕೈಯಿಂದಲೂ ಒಂದಿಷ್ಟು ಸೇರಿಸುತ್ತಾರೆ.

ವಿಶ್ವವಿದ್ಯಾಲಯಗಳಿಗೂ ಒಂದು ವಿನಂತಿ. ದಾನಿ ತಂದುಕೊಡುವುದು ಜೀವಮಾನದ ದುಡಿಮೆಯನ್ನು. ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಒಂದು ಪುಟದಲ್ಲಿ ಬರೆದು ದಾನಿಗೆ, ಅವರ ನಂತರ ಕುಟುಂಬಕ್ಕೆ ಕಳಿಸುವುದು ದೊಡ್ಡ ಹೊರೆಯಲ್ಲ. ಯಾವ ವಿದ್ಯಾರ್ಥಿಗೆ ಎಷ್ಟು ಸಂದಿತು, ಮೂಲಧನ ಈಗ ಎಷ್ಟಾಗಿದೆ ಎಂದು ತಿಳಿಸಿದರೆ ಆ ಒಂದು ಪುಟ ನೋಡಿ ಇನ್ನಿಬ್ಬರು ದಾನಿಗಳು ಮುಂದೆ ಬರುತ್ತಾರೆ. ಹಳೆಯ ಸಣ್ಣ ದತ್ತಿಗಳನ್ನು ನಿಯಮಬದ್ಧವಾಗಿ ಒಗ್ಗೂಡಿಸಿ, ದಾನಿಗಳ ಹೆಸರನ್ನೆಲ್ಲ ಉಳಿಸಿಕೊಂಡು, ಒಬ್ಬ ವಿದ್ಯಾರ್ಥಿಗಾದರೂ ನಿಜವಾಗಿ ನೆರವಾಗುವಂತೆ ಮಾಡುವ ಕೆಲಸವೂ ಆಗಬೇಕು.

ಕೇಳುಗ ಮಿತ್ರರೇ, ದತ್ತಿ ಇಡುವ ಯೋಚನೆ ನಿಮಗಿದ್ದರೆ ಈ ವಾರವೇ ಒಂದು ಹಾಳೆ ತೆಗೆದುಕೊಂಡು ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ನನ್ನ ಹಣದಿಂದ ಯಾರ ಬದುಕಿನಲ್ಲಿ ಏನು ಬದಲಾಗಬೇಕು? ಆ ಬದಲಾವಣೆಗೆ ಇಂದಿನ ದಾರಿ ಮುಚ್ಚಿದರೆ ಮುಂದಿನ ದಾರಿಯನ್ನು ಯಾರು ತೀರ್ಮಾನಿಸಬೇಕು? ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ನನ್ನ ನಂತರ ಯಾರು ಕೇಳಬೇಕು? ಮೊದಲ ಉತ್ತರವನ್ನು ಯಾರೂ ಬದಲಿಸಲಾಗದಂತೆ ಬರೆಯಿರಿ. ಎರಡನೆಯದರಲ್ಲಿ ಮುಂದೆ ಬರುವವರ ವಿವೇಕವನ್ನು ನಂಬಿ. ಮೂರನೆಯದರಲ್ಲಿ ಒಬ್ಬರ ಹೆಸರು ಬರೆದು, ಅವರಿಗೆ ಅದನ್ನು ತಿಳಿಸಿ. ಆ ಹಾಳೆ ಹಿಡಿದು ವಕೀಲರ ಹತ್ತಿರ ಹೋದರೆ ಉಳಿದ ಕೆಲಸ ಕಷ್ಟವಲ್ಲ. ನಾವು ಎಂದೂ ನೋಡದ ಒಬ್ಬ ವಿದ್ಯಾರ್ಥಿ ನಮ್ಮ ದುಡಿಮೆಯಿಂದ ಓದು ಮುಗಿಸುವುದಾದರೆ, ಆ ದುಡಿಮೆಗೆ ಅದಕ್ಕಿಂತ ಒಳ್ಳೆಯ ವಿನಿಯೋಗ ಇನ್ನೊಂದಿಲ್ಲ.